ಮಿಶ್ರ ತಂಡದ ಟೆನಿಸ್: ಒಂದು ಮೀಮಾಂಸೆ

ವಿಷಯ

ಟೆನಿಸ್ ಒಬ್ಬಂಟಿಯ ಆಟ. ಅದರಲ್ಲಿ ದೇಶಗಳನ್ನು ತಂಡವಾಗಿ ಇಳಿಸುವ ಪದ್ಧತಿ 1900ರಲ್ಲಿ ಡೇವಿಸ್ ಕಪ್‌ನಿಂದ ಶುರುವಾಯಿತು. ಅದು ಗಂಡಸರದ್ದು. ಹೆಂಗಸರಿಗೆ ಫೆಡರೇಷನ್ ಕಪ್ ಬಂದಾಗ 1963 ಆಗಿತ್ತು. ಈಗ ಅದಕ್ಕೆ ಬಿಲ್ಲಿ ಜೀನ್ ಕಿಂಗ್ ಅವರ ಹೆಸರಿದೆ. ಗಂಡು ಹೆಣ್ಣು ಒಂದೇ ತಂಡವಾಗಿ ದೇಶಕ್ಕೆ ಆಡುವ ಪಂದ್ಯಾವಳಿ ಬೇರು ಬಿಟ್ಟದ್ದು ಇನ್ನೂ ತಡವಾಗಿ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1989ರಲ್ಲಿ ಮೊದಲ ಹಾಪ್‌ಮನ್ ಕಪ್ ಮುಗಿದಾಗ ಹೆಲೆನಾ ಸುಕೋವಾ ಮತ್ತು ಮಿಲೊಸ್ಲಾವ್ ಮೆಚಿರ್ ಜೋಡಿಯ ಚೆಕೊಸ್ಲೊವಾಕಿಯಾ ಗೆದ್ದಿತ್ತು. ಅಲ್ಲಿಯ ಏರ್ಪಾಡು ಸರಳ: ಒಂದು ಮಹಿಳಾ ಸಿಂಗಲ್ಸ್, ಒಂದು ಪುರುಷ ಸಿಂಗಲ್ಸ್, ಒಂದು ಮಿಶ್ರ ಡಬಲ್ಸ್. ಎರಡು ದೇಶಗಳ ನಡುವಿನ ಈ ಮೂರು ಪಂದ್ಯಗಳ ಹಣಾಹಣಿ, ಎರಡು ಪಂದ್ಯ ಗೆದ್ದವರ ಪಾಲಿಗೆ.

2019ರ ಜನವರಿಯ ನಂತರ ಪರ್ತ್‌ನಲ್ಲಿ ಅದು ನಿಂತಿತು. ಅದರ ಜಾಗದಲ್ಲಿ 2020ರಲ್ಲಿ ಬಂದ ಎಟಿಪಿ ಕಪ್ ಬರೀ ಗಂಡಸರ ಪಂದ್ಯಾವಳಿ. ಮೂವತ್ತು ವರ್ಷ ಬೆಳೆದ ಮರ ಕಡಿದು ಗೂಟ ನೆಟ್ಟಂತೆ ಆಯಿತು ಅದು. 2023ರ ಋತುವಿಗೆ ಯುನೈಟೆಡ್ ಕಪ್ ಹುಟ್ಟಿದ ಮೇಲೆ ಹಳೆಯ ತತ್ತ್ವ ಮರಳಿತು: ಹದಿನೆಂಟು ದೇಶಗಳು, ಮೂರು ಮೂರರ ಆರು ಗುಂಪು.

ಇದು ನಮ್ಮ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರಿಗೆ ಯಾಕೆ ಬೇಕು? ಒಂದು ಕಾರಣ, ಇಂಥ ಮಿಶ್ರ ತಂಡದಲ್ಲಿ ಭಾರತಕ್ಕಾಗಿ ಆಡಿದ ಗಂಡಸು ಕಾಫಿ ಬೆಟ್ಟದವರೇ. 2007 ಮತ್ತು 2008ರ ಹಾಪ್‌ಮನ್ ಕಪ್‌ಗಳಲ್ಲಿ ಸಾನಿಯಾ ಮಿರ್ಜಾ ಜೊತೆ ಆಡಿದ ರೋಹನ್ ಬೋಪಣ್ಣ ಕೊಡಗಿನ ಕಾಫಿ ಬೆಳೆಗಾರರ ಮನೆಯ ಮಗ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಅದು ಪ್ರಯೋಜನದ ಭಾಗದಲ್ಲಿ ಬರುತ್ತದೆ.

ಸಂಶಯ

ಮಿಶ್ರ ತಂಡದ ಪಂದ್ಯಾವಳಿ ನಿಜವಾದ ಸ್ಪರ್ಧೆಯೇ, ಅಥವಾ ಆಸ್ಟ್ರೇಲಿಯನ್ ಓಪನ್‌ಗೆ ಮೊದಲು ಮೈ ಬೆಚ್ಚಗೆ ಮಾಡಿಕೊಳ್ಳುವ ಹಬ್ಬದಾಟವೇ? ದೇಶವೊಂದರ ಟೆನಿಸ್ ಎಷ್ಟು ಗಟ್ಟಿ ಎಂದು ಅಳೆಯಲು ಇದು ತಕ್ಕ ಅಳತೆಯೇ?

ನನ್ನ ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರು ಪಂದ್ಯಗಳ ಮಿಶ್ರ ತಂಡದ ಹಣಾಹಣಿಯೇ ಟೆನಿಸ್‌ನಲ್ಲಿ ಅತ್ಯಂತ ನ್ಯಾಯವಾದ ತಂಡ ಸ್ಪರ್ಧೆ. ಡೇವಿಸ್ ಕಪ್ಪಿನ ಹಿರಿತನಕ್ಕೆ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ. ಇದಕ್ಕೆ ಎದುರು ನಿಲ್ಲುವ ವಾದಗಳು, ಅಂದರೆ ಪೂರ್ವಪಕ್ಷಗಳು, ದುರ್ಬಲವಲ್ಲ. ಅವುಗಳನ್ನು ಅವುಗಳ ಪೂರ್ಣ ಬಲದಲ್ಲೇ ಇಡಬೇಕು.

ಸಿದ್ಧಾಂತದ ಆಧಾರ

ಮೂರರಲ್ಲಿ ಎರಡು ಗೆಲ್ಲುವ ದಾರಿ ಮೂರೇ: ಎರಡೂ ಸಿಂಗಲ್ಸ್, ಮಹಿಳಾ ಸಿಂಗಲ್ಸ್ ಮತ್ತು ಮಿಶ್ರ, ಪುರುಷ ಸಿಂಗಲ್ಸ್ ಮತ್ತು ಮಿಶ್ರ. ಯಾವ ದಾರಿ ಹಿಡಿದರೂ ಆ ಗೆಲುವಿನಲ್ಲಿ ಒಬ್ಬ ಹೆಣ್ಣಿನ ಕೈಯೂ ಒಬ್ಬ ಗಂಡಿನ ಕೈಯೂ ಇದ್ದೇ ಇರುತ್ತದೆ. ಬರೀ ಗಂಡಸರ ಬಲದಿಂದಾಗಲಿ ಬರೀ ಹೆಂಗಸರ ಬಲದಿಂದಾಗಲಿ ದೇಶ ದಾಟಿ ಹೋಗಲಾರದು. ಯಾರ ಸದಾಶಯವನ್ನೂ ಅವಲಂಬಿಸದೆ ಲೆಕ್ಕವೇ ಇದನ್ನು ಕಟ್ಟುಮಾಡಿದೆ.

ಯುನೈಟೆಡ್ ಕಪ್ ಮೊದಲ ವರ್ಷ ಐದು ಪಂದ್ಯಗಳನ್ನಿಟ್ಟಿತ್ತು: ಎರಡು ಮಹಿಳಾ ಸಿಂಗಲ್ಸ್, ಎರಡು ಪುರುಷ ಸಿಂಗಲ್ಸ್, ಕೊನೆಗೆ ಮಿಶ್ರ. ಅಲ್ಲಿಯೂ ಎರಡು ಕೈ ಬೇಕು ನಿಜ. ಆದರೆ ಮಿಶ್ರ ಡಬಲ್ಸ್‌ಗೆ ಜೀವ ಉಳಿಯುವುದು ಸಿಂಗಲ್ಸ್ 2–2 ಆದಾಗ ಮಾತ್ರ. ಎರಡೂ ಕಡೆಯವರು ಪ್ರತಿ ಪಂದ್ಯದಲ್ಲೂ ಸಮಬಲರು ಎಂದಿಟ್ಟುಕೊಳ್ಳಿ. ಆಗ ಐದರ ಏರ್ಪಾಡಿನಲ್ಲಿ ಎಂಟು ಸಲಕ್ಕೆ ಮೂರು ಸಲ ಮಿಶ್ರ ಡಬಲ್ಸ್ ನಿರ್ಣಾಯಕವಾದೀತು. ಮೂರರ ಏರ್ಪಾಡಿನಲ್ಲಿ ಎಂಟಕ್ಕೆ ನಾಲ್ಕು ಸಲ. ಆ ವರ್ಷದ ಫೈನಲ್‌ನಲ್ಲಿ ಅಮೆರಿಕ ಇಟಲಿಯನ್ನು ನಾಲ್ಕೂ ಸಿಂಗಲ್ಸ್ ಗೆದ್ದು 4–0ಯಿಂದ ಮಣಿಸಿತು. ಮಿಶ್ರ ತಂಡದ ಕಿರೀಟ, ಮಿಶ್ರ ಜೋಡಿ ಕೋರ್ಟಿಗೆ ಇಳಿಯುವ ಮೊದಲೇ ತೀರ್ಮಾನವಾಗಿತ್ತು. 2024ರಿಂದ ಸಂಘಟಕರು ಮೂರಕ್ಕೆ ಇಳಿದರು. ಸರಿಯಾದ ತಿದ್ದುಪಡಿ.

ತಿದ್ದುಪಡಿಯ ಫಲ ಆ ವರ್ಷವೇ ಸಿಡ್ನಿಯಲ್ಲಿ ಕಂಡಿತು. ಫೈನಲ್‌ನಲ್ಲಿ ಪೋಲೆಂಡ್ ಎದುರು ಜರ್ಮನಿ. ಪೋಲೆಂಡಿನ ಇಗಾ ಶ್ವಿಯಾಂಟೆಕ್ ಆಗ ವಿಶ್ವದ ಮೊದಲ ಸ್ಥಾನದಲ್ಲಿದ್ದವರು. ಜರ್ಮನಿಯ ಆಂಜೆಲಿಕ್ ಕೆರ್ಬರ್‌ರನ್ನು ಅವರು 6–3, 6–0ಯಿಂದ ಸೋಲಿಸಿದರು. ಹ್ಯೂಬರ್ಟ್ ಹುರ್ಕಾಟ್ಸ್ ಎದುರು ಅಲೆಕ್ಸಾಂಡರ್ ಜ್ವೆರೆವ್ ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಕಳೆದುಕೊಂಡರು. ಎರಡನೆಯದೂ ಟೈಬ್ರೇಕ್‌ಗೆ ಹೋಯಿತು. ಪೋಲೆಂಡ್ ಕಿರೀಟಕ್ಕೆ ಒಂದೇ ಪಾಯಿಂಟ್ ದೂರದಲ್ಲಿತ್ತು. ಜ್ವೆರೆವ್ ಅಲ್ಲಿಂದ ಪಾರಾಗಿ, ಸೆಟ್ ಗೆದ್ದು, ಮೂರನೆಯದನ್ನು 6–4ರಿಂದ ಮುಗಿಸಿದರು. ಈಗ 1–1. ಮಿಶ್ರ ಡಬಲ್ಸ್‌ಗೆ ಜರ್ಮನಿ ಕೆರ್ಬರ್ ಬದಲು ಲೌರಾ ಸೀಗೆಮುಂಡ್ ಅವರನ್ನು ಇಳಿಸಿತು, ಡಬಲ್ಸ್‌ನಲ್ಲೇ ಪಳಗಿದ ಆಟಗಾರ್ತಿ. ಪೋಲೆಂಡ್ ಕಡೆ ಮತ್ತೆ ಅದೇ ಶ್ವಿಯಾಂಟೆಕ್, ಹುರ್ಕಾಟ್ಸ್. 6–4, 5–7, ಕೊನೆಯ ಟೈಬ್ರೇಕ್ 10–4. ಜರ್ಮನಿ ಗೆದ್ದಿತು. ಒಬ್ಬ ಮಹಾನ್ ಆಟಗಾರ್ತಿ ಒಂದು ಪಂದ್ಯವನ್ನು ಲೀಲಾಜಾಲವಾಗಿ ಗೆಲ್ಲಬಹುದು, ದೇಶವನ್ನು ಗೆಲ್ಲಿಸಲು ಅದೊಂದೇ ಸಾಲದು. ಸಿಂಗಲ್ಸ್‌ನಲ್ಲಿ ಕಾಣಿಸಿಕೊಳ್ಳದ ಒಬ್ಬ ಹೆಂಗಸು ಬಂದು ತಕ್ಕಡಿ ತಿರುಗಿಸಬಹುದು.

ಬರಹಕ್ಕೆ ಮೀಮಾಂಸೆ ಎಂದು ಹೆಸರಿಟ್ಟಮೇಲೆ ಶೃಂಗೇರಿಯನ್ನು ನೆನೆಯದೆ ಇರಲಾಗದು, ಅದೂ ನಮ್ಮ ಜಿಲ್ಲೆಯದೇ. ಮೀಮಾಂಸಕ ಮಂಡನ ಮಿಶ್ರರಿಗೂ ಶಂಕರಾಚಾರ್ಯರಿಗೂ ನಡೆದ ವಾದದಲ್ಲಿ ಮಂಡನರ ಪತ್ನಿ ಉಭಯಭಾರತಿಯೇ ತೀರ್ಪುಗಾರ್ತಿಯಾಗಿ ಕೂತಿದ್ದರೆಂದು ಸಂಪ್ರದಾಯ ಹೇಳುತ್ತದೆ. ಗಂಡ ಸೋತಾಗ ಆಕೆ ಒಪ್ಪಿ ಎದ್ದು ಹೋಗಲಿಲ್ಲ. ಇದು ಅರ್ಧ ಗೆಲುವು, ಉಳಿದರ್ಧ ನಾನು, ನನ್ನೊಡನೆಯೂ ವಾದಿಸಿ ಎಂದು ಕೂತರು. ಆಮೇಲೆ ಮಂಡನರು ಸುರೇಶ್ವರಾಚಾರ್ಯರಾಗಿ ಶೃಂಗೇರಿಯ ಪೀಠಕ್ಕೆ ಬಂದರೆಂಬುದು ಮಠದ ಪರಂಪರೆ. ಒಂದು ಮನೆಯನ್ನು ಗೆದ್ದೆ ಎನ್ನಬೇಕಾದರೆ ಇಬ್ಬರನ್ನೂ ಎದುರಿಸಿರಬೇಕು ಎಂಬ ಆಕೆಯ ಪಟ್ಟಿನಲ್ಲಿ ಮಿಶ್ರ ತಂಡದ ಪೂರ್ತಿ ನ್ಯಾಯ ಇದೆ.

ಮೊದಲ ಪೂರ್ವಪಕ್ಷ: ಇದು ಪ್ರದರ್ಶನದಾಟ

ಹಾಪ್‌ಮನ್ ಕಪ್‌ನ ಫಲಿತಾಂಶ ರ‍್ಯಾಂಕಿಂಗ್ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆಟಗಾರರು ನಗುತ್ತಾ ಬರುತ್ತಿದ್ದರು, ನಗುತ್ತಾ ಹೋಗುತ್ತಿದ್ದರು. ಸೋತರೆ ಏನೂ ಕಳೆದುಕೊಳ್ಳದ ಕಡೆ ಸ್ಪರ್ಧೆ ಎಲ್ಲಿಯದು ಎಂಬುದು ವಾದ.

ಹಾಪ್‌ಮನ್ ಕಾಲದ ಮಟ್ಟಿಗೆ ಇದರಲ್ಲಿ ಸತ್ಯವಿದೆ. ಯುನೈಟೆಡ್ ಕಪ್‌ಗೆ ಇದು ಹೊಂದದು; ಎಲ್ಲ ಪಂದ್ಯ ಗೆದ್ದ ಸಿಂಗಲ್ಸ್ ಆಟಗಾರರಿಗೆ 500ರವರೆಗೆ ರ‍್ಯಾಂಕಿಂಗ್ ಪಾಯಿಂಟ್ ಸಿಗುವ ಪಂದ್ಯಾವಳಿ ಅದು. ಬಹುಮಾನದ ಹಣದ ವಿಷಯದಲ್ಲೂ ಅದು ಬಡವಲ್ಲ. ಇನ್ನು ಜನ ಬರುವುದಿಲ್ಲ ಎಂಬ ಮಾತಿಗೆ 2019ರ ಹೊಸ ವರ್ಷದ ದಿನ ಉತ್ತರ ಸಿಕ್ಕಾಗಿದೆ. ಪರ್ತ್‌ನಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಮಿಶ್ರ ಡಬಲ್ಸ್. ಒಂದು ಕಡೆ ರೋಜರ್ ಫೆಡರರ್, ಬೆಲಿಂಡಾ ಬೆನ್ಸಿಕ್. ಇನ್ನೊಂದು ಕಡೆ ಸೆರೆನಾ ವಿಲಿಯಮ್ಸ್, ಫ್ರಾನ್ಸಿಸ್ ಟಿಯಾಫೊ. ಕ್ರೀಡಾಂಗಣದಲ್ಲಿ 14,064 ಜನ. ಫೆಡರರ್ ಮತ್ತು ಸೆರೆನಾ ಎದುರು ಬದುರಾಗಿ ಆಡಿದ ಏಕೈಕ ಪಂದ್ಯ ಅದು. ಬೇರೆ ಯಾವ ಏರ್ಪಾಡೂ ಅವರಿಬ್ಬರನ್ನು ಒಂದು ಬಲೆಯ ಆಚೆ ಈಚೆ ನಿಲ್ಲಿಸಲಿಲ್ಲ.

ಎರಡನೆಯ ಪೂರ್ವಪಕ್ಷ: ಮಿಶ್ರ ಡಬಲ್ಸ್ ಅಸಮಾನರ ಆಟ

ಗಂಡಸಿನ ಸರ್ವ್ ವೇಗವಾದದ್ದು. ಅದನ್ನು ಹೆಂಗಸಿನ ಮೇಲೆ ಬಿಟ್ಟು ಪಾಯಿಂಟ್ ಕೀಳುವುದು ಶೌರ್ಯವೇ? ಎದುರಾಳಿ ಜೋಡಿಯಲ್ಲಿ ದುರ್ಬಲರ ಮೇಲೆ ಚೆಂಡು ಸುರಿಯುವುದಷ್ಟೇ ತಂತ್ರವಾದರೆ ಅದನ್ನು ದೇಶಗಳ ನಡುವಿನ ತೀರ್ಪಿಗೆ ಇಡಬಹುದೇ? ಇದು ಕ್ಲಬ್ಬಿನಲ್ಲಿ ಬ್ರಿಡ್ಜ್ ಆಡುವವರಿಂದ ಹಿಡಿದು ಟಿವಿ ಮುಂದೆ ಕೂತವರವರೆಗೆ ಎಲ್ಲರೂ ಎತ್ತುವ ಆಕ್ಷೇಪ. ಇದಕ್ಕೆ ಆಟದೊಳಗಿಂದಲೇ ಉತ್ತರ ಹುಡುಕಬೇಕು.

ನಾಲ್ವರೂ ಸರದಿಯಲ್ಲಿ ಸರ್ವ್ ಮಾಡುತ್ತಾರೆ. ಒಬ್ಬೊಬ್ಬರು ಕೋರ್ಟಿನ ಒಂದೊಂದು ಬದಿಯಲ್ಲಿ ನಿಂತು ಸರ್ವ್ ತೆಗೆದುಕೊಳ್ಳುತ್ತಾರೆ, ಸೆಟ್ ಮುಗಿಯುವವರೆಗೆ ಆ ಬದಿ ಬದಲಾಗದು. ಗಂಡಸಿನ ಸರ್ವ್ ಇರುವ ಗೇಮುಗಳು ಸಾಮಾನ್ಯವಾಗಿ ಅವನ ಕಡೆಗೇ ಉಳಿಯುತ್ತವೆ, ಎರಡೂ ಪಾಳಯದಲ್ಲಿ. ಹಾಗಾಗಿ ಅವು ಒಂದನ್ನೊಂದು ಹೊಡೆದುಹಾಕುತ್ತವೆ. ಸೆಟ್ ತೀರ್ಮಾನವಾಗುವುದು ಉಳಿದ ಗೇಮುಗಳಲ್ಲಿ, ಇಲ್ಲವೇ ಗಂಡಸಿನ ಸರ್ವ್ ಮುರಿಯುವ ಅಪರೂಪದ ಗೇಮಿನಲ್ಲಿ: ತನ್ನ ಸರ್ವ್ ಅನ್ನು ಯಾವ ಹೆಂಗಸು ಕಾಯ್ದುಕೊಳ್ಳುತ್ತಾಳೆ, ಎದುರಿನ ಗಂಡಸಿನ ಸರ್ವ್ ಅನ್ನು ಯಾವ ಹೆಂಗಸು ಬಲೆಯ ಬಳಿ ನಿಂತವನ ಕೈಗೆ ಸಿಗದಂತೆ ಓರೆಯಾಗಿ ತಗ್ಗಿಸಿ ಹಿಂದಿರುಗಿಸುತ್ತಾಳೆ ಎಂಬುದರಲ್ಲಿ. ಅಂದರೆ ಯಾರನ್ನು ದುರ್ಬಲ ಕೊಂಡಿ ಎನ್ನುತ್ತೇವೆಯೋ ಅವಳೇ ಪಂದ್ಯದ ಅಚ್ಚು. ಸಾನಿಯಾ ಮಿರ್ಜಾ ಮೂರು ಗ್ರ್ಯಾಂಡ್‌ಸ್ಲಾಮ್ ಮಿಶ್ರ ಕಿರೀಟ ಗೆದ್ದದ್ದರಲ್ಲಿ ಅವರ ಫೋರ್‌ಹ್ಯಾಂಡ್ ರಿಟರ್ನ್‌ನ ಪಾಲು ದೊಡ್ಡದು. ಬಂದ ವೇಗವನ್ನೇ ಬಳಸಿ ಅದನ್ನು ವಾಪಸ್ ಕಳಿಸುವ ಕೈ ಅದು. ಫೆಡರರ್ ಕೂಡ ಆ ಪರ್ತ್ ಪಂದ್ಯದ ನಂತರ, ಸೆರೆನಾ ಸರ್ವ್ ಎತ್ತ ಬರುತ್ತದೆಂದು ಓದುವುದು ಕಷ್ಟ ಎಂದು ಒಪ್ಪಿಕೊಂಡರು.

ಡಬಲ್ಸ್ ಬೇರೆಯೇ ವಿದ್ಯೆ ಎಂಬುದಕ್ಕೆ ಇತ್ತೀಚಿನ ಸಾಕ್ಷಿಯೂ ಇದೆ. 2025ರ ಅಮೆರಿಕನ್ ಓಪನ್‌ನವರು ಮಿಶ್ರ ಡಬಲ್ಸ್ ಅನ್ನು ಮುಖ್ಯ ಪಂದ್ಯಗಳಿಗೆ ಮೊದಲೇ ಎರಡು ದಿನದಲ್ಲಿ ಮುಗಿಸುವ ಏರ್ಪಾಡು ಮಾಡಿ, ಸಿಂಗಲ್ಸ್ ತಾರೆಯರಿಂದ ತುಂಬಿಸಿದರು. ಡಬಲ್ಸ್ ಆಟಗಾರರು ನೊಂದುಕೊಂಡರು. ಕೊನೆಗೆ ಗೆದ್ದವರು ಸಾರಾ ಎರಾನಿ ಮತ್ತು ಆಂಡ್ರಿಯಾ ವಾವಸೋರಿ, ಹಿಂದಿನ ವರ್ಷದ ಚಾಂಪಿಯನ್ನರು, ಇಟಲಿಯ ಡಬಲ್ಸ್ ಜೋಡಿ. ಫೈನಲ್‌ನಲ್ಲಿ ಸೋತವರು ಶ್ವಿಯಾಂಟೆಕ್ ಮತ್ತು ಕ್ಯಾಸ್ಪರ್ ರೂಡ್. ಆಕ್ಷೇಪ ಎತ್ತುವವರು ಎರಾನಿಯ ಸರ್ವ್ ನೋಡಬೇಕು. ಅಗ್ರ ಆಟಗಾರ್ತಿಯರಲ್ಲಿ ಅಷ್ಟು ಮೆಲ್ಲನೆಯ ಸರ್ವ್ ಸಿಗುವುದು ಅಪರೂಪ. ಆ ಸರ್ವ್ ಇಟ್ಟುಕೊಂಡೇ ಅವರು ಗೆದ್ದರು.

ಮೂರನೆಯ ಪೂರ್ವಪಕ್ಷ: ಗೇಮುಗಳನ್ನೇ ಕೂಡಿಸಬಾರದೇ

1974ರಲ್ಲಿ ಅಮೆರಿಕದಲ್ಲಿ ಶುರುವಾದ ವರ್ಲ್ಡ್ ಟೀಮ್ ಟೆನಿಸ್ ಬೇರೆ ದಾರಿ ಹಿಡಿಯಿತು. ಒಂದೊಂದು ವಿಭಾಗಕ್ಕೆ ಒಂದೊಂದು ಸೆಟ್ ಆಡಿಸಿ, ಗೆದ್ದ ಗೇಮುಗಳನ್ನೆಲ್ಲ ಕೂಡಿಸಿ ತೀರ್ಪು ಕೊಡುವುದು. ಪ್ರತಿ ಗೇಮಿಗೂ ಬೆಲೆ ಬರುತ್ತದೆ, ನೋಡಲು ರೋಚಕ, ನಿಜ. ಆದರೆ ಅಲ್ಲಿ ಒಬ್ಬರ 6–0 ಇನ್ನೊಬ್ಬರ ಎರಡು ಸೋಲನ್ನು ಮುಚ್ಚಿಹಾಕಬಲ್ಲದು. ಇಬ್ಬರೂ ನಿಲ್ಲಲೇಬೇಕು ಎಂಬ ಕಟ್ಟು ಸಡಿಲವಾಗುತ್ತದೆ. ನಗರಗಳ, ಮಾಲೀಕರ ತಂಡಗಳಿಗೆ ಅದು ಸರಿ. ಬೆಂಗಳೂರಿನಲ್ಲಿ 2025ರ ಡಿಸೆಂಬರ್‌ನಲ್ಲಿ ವರ್ಲ್ಡ್ ಟೆನಿಸ್ ಲೀಗ್ ನಡೆದಾಗ ದೊಡ್ಡ ಆಟಗಾರರನ್ನು ಹತ್ತಿರದಿಂದ ನೋಡುವ ಭಾಗ್ಯ ಕನ್ನಡಿಗರಿಗೆ ಸಿಕ್ಕಿತು, ಸಂತೋಷ. ದೇಶ, ಜಿಲ್ಲೆ, ತಾಲ್ಲೂಕಿನ ಹೆಸರಲ್ಲಿ ಆಡುವಾಗ ಮಾತ್ರ ಪಂದ್ಯಗಳ ಎಣಿಕೆಯೇ ಇರಲಿ ಎಂಬುದು ನನ್ನ ನಿಲುವು.

ನಾಲ್ಕನೆಯ ಪೂರ್ವಪಕ್ಷ: ಭಾರತವೇ ಇಲ್ಲದ ಕಡೆ ನಮಗೇನು ಕೆಲಸ

ಇದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. ಯುನೈಟೆಡ್ ಕಪ್‌ನಲ್ಲಿ ಭಾರತ ಒಮ್ಮೆಯೂ ಆಡಿಲ್ಲ. ಪ್ರವೇಶ ಸಿಗುವುದು ದೇಶದ ಅಗ್ರ ಆಟಗಾರ, ಅಗ್ರ ಆಟಗಾರ್ತಿಯ ಸಿಂಗಲ್ಸ್ ರ‍್ಯಾಂಕಿಂಗ್ ನೋಡಿ. ನಮ್ಮ ಬಲವಿರುವುದು ಡಬಲ್ಸ್‌ನಲ್ಲಿ.

ಎಷ್ಟು ಬಲ ಎಂದರೆ, ಹಿರಿಯರ ವಿಭಾಗದಲ್ಲಿ ಗ್ರ್ಯಾಂಡ್‌ಸ್ಲಾಮ್ ಗೆದ್ದ ಭಾರತೀಯರು ನಾಲ್ವರು: ಲಿಯಾಂಡರ್ ಪೇಸ್, ಮಹೇಶ್ ಭೂಪತಿ, ಸಾನಿಯಾ ಮಿರ್ಜಾ, ರೋಹನ್ ಬೋಪಣ್ಣ. ಆ ನಾಲ್ವರೂ ಮಿಶ್ರ ಡಬಲ್ಸ್ ಗೆದ್ದವರೇ. ದೇಶಕ್ಕೆ ಮೊದಲ ಗ್ರ್ಯಾಂಡ್‌ಸ್ಲಾಮ್ ಬಂದದ್ದೂ ಮಿಶ್ರ ಡಬಲ್ಸ್‌ನಿಂದಲೇ, 1997ರ ಫ್ರೆಂಚ್ ಓಪನ್‌ನಲ್ಲಿ ಭೂಪತಿ ಮತ್ತು ಜಪಾನಿನ ರಿಕಾ ಹಿರಾಕಿ ಗೆದ್ದಾಗ. ಬೋಪಣ್ಣರ ಮೊದಲ ಗ್ರ್ಯಾಂಡ್‌ಸ್ಲಾಮ್ 2017ರಲ್ಲಿ ಅದೇ ಪ್ಯಾರಿಸ್‌ನಲ್ಲಿ, ಕೆನಡಾದ ಗೇಬ್ರಿಯೆಲಾ ಡಬ್ರೊವ್‌ಸ್ಕಿ ಜೊತೆ. ಕೊನೆಯ ಟೈಬ್ರೇಕ್ 12–10. ರಿಯೊ ಒಲಿಂಪಿಕ್ಸ್‌ನಲ್ಲಿ ಸಾನಿಯಾ, ಬೋಪಣ್ಣ ಪದಕಕ್ಕೆ ಒಂದೇ ಗೆಲುವಿನ ದೂರದವರೆಗೆ ಹೋಗಿ ಬಂದರು. 2023ರಲ್ಲಿ ಮೆಲ್ಬರ್ನ್‌ನಲ್ಲಿ ಸಾನಿಯಾ ಕೊನೆಯ ಗ್ರ್ಯಾಂಡ್‌ಸ್ಲಾಮ್ ಆಡಿದಾಗಲೂ ಫೈನಲ್‌ನಲ್ಲಿ ಜೊತೆಗಿದ್ದವರು ಬೋಪಣ್ಣರೇ. ಮರುವರ್ಷ ಅದೇ ಮೆಲ್ಬರ್ನ್‌ನಲ್ಲಿ ಪುರುಷರ ಡಬಲ್ಸ್ ಗೆದ್ದು, 43ನೆಯ ವಯಸ್ಸಿನಲ್ಲಿ ಅವರು ಡಬಲ್ಸ್‌ನ ವಿಶ್ವದ ಮೊದಲ ಸ್ಥಾನಕ್ಕೆ ಏರಿದರು.

ಇಂಥ ದೇಶವನ್ನು ಮಿಶ್ರ ತಂಡದ ಪಂದ್ಯಾವಳಿ ಹೊರಗಿಡುತ್ತದೆ ಎಂದರೆ ತಪ್ಪು ಪಂದ್ಯಾವಳಿಯ ತತ್ತ್ವದಲ್ಲಿಲ್ಲ, ಬಾಗಿಲಿನಲ್ಲಿದೆ. ಮೂರರಲ್ಲಿ ಒಂದು ಪಂದ್ಯ ಮಿಶ್ರ ಡಬಲ್ಸ್ ಆಗಿರುವಾಗ ಪ್ರವೇಶದ ಲೆಕ್ಕ ಹಾಕುವಾಗಲೂ ಡಬಲ್ಸ್ ರ‍್ಯಾಂಕಿಂಗ್‌ಗೆ ಮೂರರಲ್ಲೊಂದು ತೂಕ ಕೊಡಬೇಕು. ಕನಿಷ್ಠ ಒಂದೆರಡು ಸ್ಥಾನವನ್ನಾದರೂ ಆ ಲೆಕ್ಕದಿಂದ ತುಂಬಬೇಕು. ಇದನ್ನು ದಯೆ ಎಂದು ಕೇಳುತ್ತಿಲ್ಲ, ಏರ್ಪಾಡಿನ ಒಳಗಿನ ನ್ಯಾಯವನ್ನೇ ಬಾಗಿಲಿಗೂ ಅನ್ವಯಿಸಿ ಎನ್ನುತ್ತಿದ್ದೇನೆ. 2007ನ್ನು ನೋಡಿ: ಬೋಪಣ್ಣ ಸಿಂಗಲ್ಸ್‌ನಲ್ಲಿ ಏರಿದ ಅತಿ ಎತ್ತರ ಆ ವರ್ಷದ 213ನೆಯ ಸ್ಥಾನ. ಸಾನಿಯಾ ಆ ವರ್ಷ 27ಕ್ಕೆ ಏರಿದವರು. ಅಂದರೆ ಭಾರತ ತಂಡದ ಮುಂದಾಳು ಒಬ್ಬ ಹೆಂಗಸು. ಗಂಡಸು ಆಕೆಯ ಬಲಕ್ಕೆ ಒದಗಿ ನಿಂತವನು. ಡೇವಿಸ್ ಕಪ್ ನೂರು ವರ್ಷ ಆಡಿದರೂ ಇಂಥ ತಂಡವೊಂದನ್ನು ನಮ್ಮ ಕಣ್ಣಿಗೆ ತೋರಿಸಲಾರದು.

ಐದನೆಯ ಪೂರ್ವಪಕ್ಷ: ಟೆನಿಸ್ ತೋಟದ ದೊರೆಗಳ ಆಟ

ನಮ್ಮೂರಿನ ಆಕ್ಷೇಪ ಇದು. ಬೆಟ್ಟಕ್ಕೆ ಟೆನಿಸ್ ತಂದವರು ಬಿಳಿಯ ಪ್ಲಾಂಟರುಗಳು. ಆಟ ಉಳಿದದ್ದು ಚಿಕ್ಕಮಗಳೂರಿನ ಕಡೂರು ಕ್ಲಬ್ಬಿನಂಥ ಬೆಳೆಗಾರರ ಕ್ಲಬ್ಬುಗಳಲ್ಲಿ. ಲೈನ್ ಮನೆಯ ಮಗುವಿಗೆ, ಕಳಸದ ಸರ್ಕಾರಿ ಶಾಲೆಯ ಹುಡುಗಿಗೆ ರ‍್ಯಾಕೆಟ್ ಕೊಡುವವರು ಯಾರು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಕೋರ್ಟಿನ ಮೇಲೆ ಪಾಚಿ ಕಟ್ಟುವ ಸೀಮೆಯಲ್ಲಿ ಆಟಗಾರ್ತಿ ಬೆಳೆಯುವುದು ಹೇಗೆ?

ಇತಿಹಾಸದ ಭಾಗವನ್ನು ಪೂರ್ತಿ ಒಪ್ಪುತ್ತೇನೆ. ಅದರಿಂದ ತೆಗೆಯುವ ತೀರ್ಮಾನವನ್ನು ಒಪ್ಪುವುದಿಲ್ಲ. ಕ್ರಿಕೆಟ್ ಕೂಡ ದೊರೆಗಳ ಆಟವೇ ಆಗಿತ್ತು. ನಮ್ಮ ಜಿಲ್ಲೆಯ ಕಡೂರಿನ ವೇದಾ ಕೃಷ್ಣಮೂರ್ತಿ 2017ರ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಭಾರತಕ್ಕೆ ಬ್ಯಾಟ್ ಹಿಡಿದರು. ಆದರೆ ಊರಲ್ಲಿ ಹನ್ನೊಂದು ಹುಡುಗಿಯರ ಕ್ರಿಕೆಟ್ ತಂಡ ಕಟ್ಟಲು ಪಡುವ ಪಾಡು ಎಷ್ಟೆಂದು ಶಾಲೆಯ ಪಿ.ಟಿ. ಮೇಷ್ಟ್ರುಗಳನ್ನು ಕೇಳಿ. ಮಿಶ್ರ ತಂಡದ ಟೆನಿಸ್‌ಗೆ ಬೇಕಾದ್ದು ಒಬ್ಬಳು ಹುಡುಗಿ, ಒಬ್ಬ ಹುಡುಗ. ಇದಕ್ಕಿಂತ ಚಿಕ್ಕ ತಂಡ ಬೇರೆ ಆಟದಲ್ಲಿ ಸಿಗುವುದು ಕಷ್ಟ. ದೊಡ್ಡ ನಗರ ನೂರು ಆಟಗಾರರನ್ನು ಸಾಕಬಹುದು, ಕಳಸದಂಥ ಜಾಗ ಇಬ್ಬರನ್ನು ಸಾಕಬಹುದು, ಮತ್ತು ಈ ಏರ್ಪಾಡಿನಲ್ಲಿ ಇಬ್ಬರೇ ಸಾಕು. ಹುಡುಗಿಯನ್ನು ಬಿಟ್ಟು ಊರು ತಂಡ ಇಳಿಸುವಂತಿಲ್ಲವಾದ್ದರಿಂದ ಅವಳಿಗೆ ರ‍್ಯಾಕೆಟ್ ಹುಡುಕಿ ಕೊಡುವ ಹೊಣೆ ತಾನಾಗಿ ಊರಿನ ಮೇಲೆ ಬೀಳುತ್ತದೆ.

ಪ್ರಯೋಜನ

ಈ ಏರ್ಪಾಡನ್ನು ನಮ್ಮ ಜಿಲ್ಲೆಗೇ ತಂದು, ತಾಲ್ಲೂಕುಗಳ ನಡುವೆ ಒಂದು ಮಿಶ್ರ ತಂಡದ ಪಂದ್ಯಾವಳಿ ನಡೆಸಬೇಕು. ಚಿಕ್ಕಮಗಳೂರು ಜಿಲ್ಲೆಯಲ್ಲಿ ಈಗ ಒಂಬತ್ತು ತಾಲ್ಲೂಕು: ಚಿಕ್ಕಮಗಳೂರು, ಕಡೂರು, ತರೀಕೆರೆ, ಅಜ್ಜಂಪುರ, ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ. ಯುನೈಟೆಡ್ ಕಪ್‌ನಂತೆ ಮೂರು ಮೂರರ ಗುಂಪು ಮಾಡಿದರೆ ಮೂರು ಗುಂಪು. ಗುಂಪುಗಳಲ್ಲಿ ಒಂಬತ್ತು ಹಣಾಹಣಿ; ಗುಂಪು ಗೆದ್ದ ಮೂವರಿಗೆ ಎರಡನೆಯ ಸ್ಥಾನದವರಲ್ಲಿ ಉತ್ತಮರನ್ನು ಸೇರಿಸಿ ಎರಡು ಸೆಮಿಫೈನಲ್, ಒಂದು ಫೈನಲ್. ಒಟ್ಟು ಹನ್ನೆರಡು ಹಣಾಹಣಿ, 36 ಪಂದ್ಯ. ಒಂದೊಂದು ಸೆಟ್ಟಿನ ಪಂದ್ಯವಾದರೆ ತಲಾ ಮುಕ್ಕಾಲು ಗಂಟೆ. ಎರಡು ಕೋರ್ಟ್, ದಿನಕ್ಕೆ ಬೆಳಗಿನ ನಾಲ್ಕು ಗಂಟೆ, ನಾಲ್ಕು ದಿನ: ಮುಗಿಯುತ್ತದೆ.

ಕಾಲ ಆರಿಸುವುದರಲ್ಲಿ ಎಚ್ಚರ ಬೇಕು. ಪರ್ತ್‌ನವರ ಜನವರಿ ನಮಗೆ ಆಗದು. ಅದು ಅರೇಬಿಕಾ ಕೊಯ್ಲು; ಹಣ್ಣು ಕುಯ್ಯುವವರಲ್ಲಿ ಹೆಂಗಸರೇ ಹೆಚ್ಚು, ಸಂಜೆ ತೂಕವಾಗಿ ರೈಟರ ಪುಸ್ತಕಕ್ಕೆ ಏರುವವರೆಗೆ ಅವರಿಗೆ ಬಿಡುವಿಲ್ಲ. ಅದರ ಬೆನ್ನಿಗೆ ರೊಬಸ್ಟಾ. ಮಾರ್ಚ್‌ನಲ್ಲಿ ಹೂಮಳೆ ಕಾಯುವ ತಳಮಳ, ಸ್ಪ್ರಿಂಕ್ಲರ್, ಮಕ್ಕಳಿಗೆ ಪರೀಕ್ಷೆ. ಏಪ್ರಿಲ್ ಎರಡನೆಯ ವಾರಕ್ಕೆ ಕೊಯ್ಲು, ಪರೀಕ್ಷೆ ಎರಡೂ ಮುಗಿದಿರುತ್ತವೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಆದ್ದರಿಂದ ಆಟ ಬೆಳಿಗ್ಗೆಯೇ ಆಗಬೇಕು.

ನಿಯಮದಲ್ಲಿ ಎರಡು ಮಾತು ಸೇರಬೇಕು. ಸಿಂಗಲ್ಸ್ 2–0 ಆಗಿಹೋದರೂ ಗುಂಪಿನ ಹಂತದಲ್ಲಿ ಮಿಶ್ರ ಡಬಲ್ಸ್ ಆಡಿಸಲೇಬೇಕು, ಅದರ ಫಲ ಗುಂಪಿನ ಸ್ಥಾನಕ್ಕೆ ಲೆಕ್ಕವಾಗಬೇಕು. ಎರಡನೆಯದು, ಆಟಗಾರರ ಬಳಿ ಕ್ಲಬ್ಬಿನ ಸದಸ್ಯತ್ವ ಕೇಳಬಾರದು. ಆ ತಾಲ್ಲೂಕಿನಲ್ಲಿ ವಾಸವೋ ಓದೋ ಕೆಲಸವೋ ಇದ್ದರೆ ಸಾಕು. ಕೋರ್ಟ್ ಇರುವ ಕ್ಲಬ್ಬುಗಳು ಆ ತಂಡಗಳ ಅಭ್ಯಾಸಕ್ಕೆ ಅಕ್ಟೋಬರ್‌ನಿಂದಲೇ ವಾರದಲ್ಲಿ ಎರಡು ಬೆಳಿಗ್ಗೆ ಗೇಟು ತೆರೆಯಬೇಕು.